ಮಾರುತಿ ಬ್ರೆಝಾ: ದಾವಣಗೆರೆ ಕಡೆಯವರಿಗೆ ಯಾವ ಟ್ರಿಮ್ ಸಾಕು, ಯಾವುದು ದಂಡ

ಬ್ರೆಝಾ ನಾಲ್ಕು ಟ್ರಿಮ್‌ಗಳಲ್ಲಿ (ಸೌಲಭ್ಯಕ್ಕೆ ತಕ್ಕ ದರ್ಜೆಗಳಲ್ಲಿ) ಸಿಗುತ್ತದೆ: ಎಲ್‌ಎಕ್ಸ್‌ಐ, ವಿಎಕ್ಸ್‌ಐ, ಝಡ್‌ಎಕ್ಸ್‌ಐ, ಝಡ್‌ಎಕ್ಸ್‌ಐ ಪ್ಲಸ್. ನಾಲ್ಕಕ್ಕೂ ಎಂಜಿನ್ ಒಂದೇ, 1462 ಸಿಸಿಯ ನಾಲ್ಕು ಸಿಲಿಂಡರ್ ಪೆಟ್ರೋಲ್. ಟೈರಿನ ಅಳತೆಯೂ ಒಂದೇ, 215/60 ಆರ್16. ಮುಂದೆ ಡಿಸ್ಕ್, ಹಿಂದೆ ಡ್ರಮ್ ಬ್ರೇಕ್. ಇಎಸ್‌ಪಿ (ಗಾಡಿ ಜಾರದಂತೆ ತಡೆಯುವ ವ್ಯವಸ್ಥೆ) ಮತ್ತು ಹಿಲ್ ಹೋಲ್ಡ್ (ಏರಿನಲ್ಲಿ ಹಿಂದಕ್ಕೆ ಉರುಳದಂತೆ ಹಿಡಿಯುವುದು) ಎಲ್ಲದರಲ್ಲೂ ಇವೆ. 2025ರಿಂದ ಆರು ಏರ್‌ಬ್ಯಾಗ್ ಕೂಡ ಕೆಳಗಿನ ಟ್ರಿಮ್‌ನಿಂದಲೇ ಬರುತ್ತಿದೆ. ಆದರೂ ಕೆಳಗಿನದಕ್ಕೂ ಮೇಲಿನದಕ್ಕೂ ಎಕ್ಸ್-ಶೋರೂಂ ಬೆಲೆಯಲ್ಲೇ (ರಸ್ತೆ ತೆರಿಗೆ, ವಿಮೆ ಸೇರದ ಬೆಲೆ) ಮೂರು ಲಕ್ಷದಷ್ಟು ಅಂತರ. ಆ ದುಡ್ಡು ಹೋಗುವುದೆಲ್ಲ ಎಂಜಿನ್ನಿನಿಂದ ಈಚೆಗಿರುವ ಸಾಮಾನಿಗೆ.

ಹಾಗಾಗಿ ಟ್ರಿಮ್ ಆರಿಸುವಾಗ ಒಂದೇ ಪ್ರಶ್ನೆ ಹಾಕಿಕೊಳ್ಳಿ: ಇದನ್ನು ಆಮೇಲೆ ಹೊರಗೆ ಹಾಕಿಸಬಹುದೇ? ಹಾಕಿಸಬಹುದಾದ ಸಾಮಾನಿಗಾಗಿ ಮೇಲಿನ ಟ್ರಿಮ್ ಕೊಳ್ಳುವುದು ದಂಡ. ಟಚ್‌ಸ್ಕ್ರೀನ್, ರಿವರ್ಸ್ ಕ್ಯಾಮರಾ, ಅಲಾಯ್ ವೀಲ್, ಸೀಟ್ ಕವರ್, ಮಡ್ ಫ್ಲ್ಯಾಪ್ ಎಲ್ಲವೂ ಪಿ.ಬಿ. ರಸ್ತೆಯ ಅಂಗಡಿಗಳಲ್ಲೇ ಒಂದು ಮಧ್ಯಾಹ್ನದಲ್ಲಿ ಆಗುವ ಕೆಲಸ. ಎತ್ತರ ಹೊಂದಿಸುವ ಡ್ರೈವರ್ ಸೀಟು, ಆಟೋಮ್ಯಾಟಿಕ್ ಗೇರ್, ಕಂಪನಿಯ ಎಲ್‌ಇಡಿ ಹೆಡ್‌ಲ್ಯಾಂಪ್, ಕ್ರೂಸ್ ಕಂಟ್ರೋಲ್ ಹಾಗಲ್ಲ. ಮೊದಲ ದಿನ ಬಿಟ್ಟರೆ ಮತ್ತೆ ಸಿಗುವುದಿಲ್ಲ, ಅಥವಾ ವೈರ್ ಕತ್ತರಿಸಿ ವಾರಂಟಿ ಕಳೆದುಕೊಂಡು ಹಾಕಿಸಬೇಕಾಗುತ್ತದೆ.

ಈ ಲೆಕ್ಕದಲ್ಲಿ ಎಲ್‌ಎಕ್ಸ್‌ಐ ಬೇಗ ಪಕ್ಕಕ್ಕೆ ಸರಿಯುತ್ತದೆ. ಅದರಲ್ಲಿ ಮ್ಯೂಸಿಕ್ ಸಿಸ್ಟಂ ಇಲ್ಲ ಎನ್ನುವುದು ದೊಡ್ಡ ಮಾತಲ್ಲ, ಹೊರಗೆ ಹಾಕಿಸಿದರಾಯಿತು. ಡ್ರೈವರ್ ಸೀಟಿನ ಎತ್ತರ ಹೊಂದಿಸಲಾಗದಿರುವುದು ನಿಜವಾದ ಕೊರತೆ. ಬ್ರೆಝಾದ ಬಾನೆಟ್ ಎತ್ತರ. ಐದು ಅಡಿ ಮೂರು ಅಂಗುಲದವರು ಕೂತರೆ ಮುಂದಿನ ಬಂಪರ್ ಎಲ್ಲಿ ಮುಗಿಯುತ್ತದೆ ಎಂದು ಗೊತ್ತಾಗುವುದಿಲ್ಲ. ಮನೆಯಲ್ಲಿ ಇಬ್ಬರು ಮೂವರು ಓಡಿಸುವವರಿದ್ದರೆ ಇದು ದಿನಾ ಕಾಡುತ್ತದೆ. ದಿಂಬು ಹಾಕಿಕೊಳ್ಳುವುದು ಪರಿಹಾರವಲ್ಲ, ಸೀಟ್ ಬೆಲ್ಟ್ ಸೊಂಟದಿಂದ ಹೊಟ್ಟೆಗೆ ಏರುತ್ತದೆ.

ವಿಎಕ್ಸ್‌ಐನಲ್ಲಿ ಆ ಸೀಟು ಬರುತ್ತದೆ. ಜೊತೆಗೆ ಆಟೋ ಎಸಿ, ಏಳು ಇಂಚಿನ ಸ್ಕ್ರೀನ್, ಆಂಡ್ರಾಯ್ಡ್ ಆಟೋ, ಬಟನ್ ಒತ್ತಿದರೆ ಮಡಚುವ ಕನ್ನಡಿ. ಕೊನೆಯದು ಚಿಕ್ಕ ವಿಷಯ ಅನಿಸಬಹುದು. 1790 ಮಿ.ಮೀ. ಅಗಲದ ಗಾಡಿಯನ್ನು ಸಂಜೆ ಹೊತ್ತು ಬೆಣ್ಣೆದೋಸೆ ಹೋಟೆಲಿನ ಮುಂದಿನ ಗಲ್ಲಿಯಿಂದ ಹೊರಗೆ ತೆಗೆದವರಿಗೆ ಅದರ ಬೆಲೆ ಗೊತ್ತು. ಚಕ್ರ ಸ್ಟೀಲಿನದು, ಮೇಲೊಂದು ಪ್ಲಾಸ್ಟಿಕ್ ಕವರ್. ಈ ಭಾಗದ ಹಳ್ಳಿ ರಸ್ತೆಗೆ ಸ್ಟೀಲೇ ಮೇಲು. ಗುಂಡಿಗೆ ಬಿದ್ದು ಸೊಟ್ಟಗಾದರೆ ಬಡಿದು ನೇರ ಮಾಡಬಹುದು. ಅಲಾಯ್ ಬಿರುಕು ಬಿಟ್ಟರೆ ಬದಲಿಸಬೇಕು, ಬೆಸುಗೆ ಹಾಕಿಸಿದ ಅಲಾಯನ್ನು ಹೈವೇ ವೇಗಕ್ಕೆ ನಂಬಬಾರದು.

ಇನ್ನು ತೆರಿಗೆ. ಶೋರೂಮಿನಲ್ಲಿ ಇದನ್ನು ತಾವಾಗಿ ಬಿಡಿಸಿ ಹೇಳುವವರು ಕಡಿಮೆ. ಕರ್ನಾಟಕದಲ್ಲಿ ಪೆಟ್ರೋಲ್ ಕಾರಿನ ಬೆಲೆ 5ರಿಂದ 10 ಲಕ್ಷದೊಳಗಿದ್ದರೆ ಜೀವಾವಧಿ ತೆರಿಗೆ ಶೇ 14. 10 ಲಕ್ಷ ದಾಟಿದರೆ ಶೇ 17, ಅದೂ ದಾಟಿದ ಭಾಗಕ್ಕಷ್ಟೇ ಅಲ್ಲ, ಪೂರ್ತಿ ಬೆಲೆಗೆ. 9,95,000 ರೂಪಾಯಿಯ ಗಾಡಿಗೆ ತೆರಿಗೆ 1,39,300. 10,05,000ದ ಗಾಡಿಗೆ 1,70,850. ಬೆಲೆಯಲ್ಲಿ ಹತ್ತು ಸಾವಿರ ಹೆಚ್ಚಾದರೆ ತೆರಿಗೆಯಲ್ಲಿ 31,550 ಹೆಚ್ಚು, ಅದರ ಮೇಲೆ ಸೆಸ್ ಬೇರೆ. 10 ಲಕ್ಷ ದಾಟಿದ ಗಾಡಿಗೆ ಶೇ 1ರಷ್ಟು ಟಿಸಿಎಸ್ (ಮಾರುವವರೇ ಹಿಡಿದು ಸರ್ಕಾರಕ್ಕೆ ಕಟ್ಟುವ ತೆರಿಗೆ) ಕೂಡ ಹಿಡಿಯುತ್ತಾರೆ. ಅದು ಆದಾಯ ತೆರಿಗೆ ರಿಟರ್ನ್ಸ್‌ನಲ್ಲಿ ವಾಪಸ್ ಬರುವ ಹಣ, ಆದರೆ ಆ ದಿನ ಜೇಬಿನಿಂದ ಹೋಗುತ್ತದೆ. 2025ರ ಸೆಪ್ಟೆಂಬರಿನ ಜಿಎಸ್‌ಟಿ ಬದಲಾವಣೆಯ ನಂತರ ವಿಎಕ್ಸ್‌ಐ ಮ್ಯಾನುಯಲ್ ಹತ್ತು ಲಕ್ಷದ ಗೆರೆಯ ಈಚೆಗಿದೆ, ಝಡ್‌ಎಕ್ಸ್‌ಐ ಆಚೆಗಿದೆ. ಆದ್ದರಿಂದ ಎರಡರ ನಡುವಿನ ಎಕ್ಸ್-ಶೋರೂಂ ಅಂತರ ನೋಡಿ ತೀರ್ಮಾನಿಸಬೇಡಿ. ಆನ್-ರೋಡ್ ಅಂತರ ಒಂದೂವರೆ ಲಕ್ಷ ದಾಟುತ್ತದೆ.

ಅಷ್ಟು ಹೆಚ್ಚಿಗೆ ಕೊಟ್ಟರೆ ಝಡ್‌ಎಕ್ಸ್‌ಐನಲ್ಲಿ ಏನು ಸಿಗುತ್ತದೆ? ಎಲ್‌ಇಡಿ ಪ್ರೊಜೆಕ್ಟರ್ ಹೆಡ್‌ಲ್ಯಾಂಪ್, ಕ್ರೂಸ್ ಕಂಟ್ರೋಲ್, ಪುಶ್ ಸ್ಟಾರ್ಟ್, ಅಲಾಯ್, ಸನ್‌ರೂಫ್. ಮತ್ತೆ ಮೈಲ್ಡ್ ಹೈಬ್ರಿಡ್, ಅಂದರೆ ಎಂಜಿನ್ನಿಗೆ ಸಣ್ಣ ವಿದ್ಯುತ್ ಮೋಟರಿನ ನೆರವು. ವಿಎಕ್ಸ್‌ಐ ಮ್ಯಾನುಯಲ್‌ನಲ್ಲಿ ಇದಿಲ್ಲ. ಕಂಪನಿ ಹೇಳುವ ಮೈಲೇಜ್ ವಿಎಕ್ಸ್‌ಐ ಮ್ಯಾನುಯಲ್‌ಗೆ ಲೀಟರಿಗೆ 17.38 ಕಿ.ಮೀ., ಝಡ್‌ಎಕ್ಸ್‌ಐ ಮ್ಯಾನುಯಲ್‌ಗೆ 19.89. ಸೇಲ್ಸ್‌ನವರು ಇದನ್ನೇ ಮುಂದಿಟ್ಟು 'ಪೆಟ್ರೋಲಿನಲ್ಲೇ ದುಡ್ಡು ವಾಪಸ್' ಎನ್ನುತ್ತಾರೆ. ವರ್ಷಕ್ಕೆ 15,000 ಕಿ.ಮೀ. ಓಡಿಸಿದರೆ ಒಂದಕ್ಕೆ 863 ಲೀಟರ್, ಇನ್ನೊಂದಕ್ಕೆ 754 ಲೀಟರ್ ಬೇಕು. ಉಳಿತಾಯ 109 ಲೀಟರ್, ಲೀಟರಿಗೆ ನೂರು ರೂಪಾಯಿ ಹಿಡಿದರೆ ಹನ್ನೊಂದು ಸಾವಿರದ ಒಳಗೆ. ಒಂದೂವರೆ ಲಕ್ಷ ತೀರುವ ಹೊತ್ತಿಗೆ ಗಾಡಿಯ ಪಾಸಿಂಗ್ (ನೋಂದಣಿ) ನವೀಕರಿಸುವ ಸಮಯ ಬಂದಿರುತ್ತದೆ. ಮೈಲೇಜಿಗಾಗಿ ಝಡ್‌ಎಕ್ಸ್‌ಐ ಬೇಡ.

ಹೆಡ್‌ಲ್ಯಾಂಪಿಗಾಗಿ ಬೇಕಾಗಬಹುದು. ಕೆಳಗಿನ ಎರಡು ಟ್ರಿಮ್‌ಗಳಲ್ಲಿ ಬರುವುದು ಹ್ಯಾಲೊಜೆನ್ ಪ್ರೊಜೆಕ್ಟರ್. ಊರೊಳಗೆ ಸಾಕು. ಹೈವೇಯಲ್ಲೂ ಡಿವೈಡರ್ ಇರುವುದರಿಂದ ನಡೆಯುತ್ತದೆ. ಕಷ್ಟ ಇರುವುದು ಜಗಳೂರು, ಹೊನ್ನಾಳಿ, ಚನ್ನಗಿರಿ ಕಡೆಯ ಎರಡು ಪಥದ ರಸ್ತೆಗಳಲ್ಲಿ. ಹಿಂದಿನ ದೀಪವಿಲ್ಲದ ಟ್ರ್ಯಾಕ್ಟರ್ ಟ್ರೇಲರ್, ಬಣ್ಣ ಅಳಿಸಿದ ಹಂಪ್, ಸುಗ್ಗಿಯಲ್ಲಿ ಅರ್ಧ ರಸ್ತೆಗೆ ಹರಡಿದ ಮೆಕ್ಕೆಜೋಳ ಮತ್ತು ರಾಶಿ ಕದಲದಂತೆ ಅಂಚಿಗಿಟ್ಟ ಕಲ್ಲು. ಇವು ಎಷ್ಟು ದೂರದಿಂದ ಕಾಣುತ್ತವೆ ಎನ್ನುವುದರ ಮೇಲೆ ಬ್ರೇಕು ನಿಂತಿದೆ. ವಾರದಲ್ಲಿ ಮೂರು ನಾಲ್ಕು ರಾತ್ರಿ ಇಂಥ ರಸ್ತೆಯಲ್ಲಿ ಹೋಗಬೇಕಾದ ವೈದ್ಯರು, ಮೆಕ್ಕೆಜೋಳದ ವ್ಯಾಪಾರಿಗಳು, ತೋಟ ಊರಾಚೆ ಇರುವವರು ಝಡ್‌ಎಕ್ಸ್‌ಐ ತೆಗೆದುಕೊಂಡರೆ ತಪ್ಪಿಲ್ಲ. ವಿಎಕ್ಸ್‌ಐಗೆ ಹೊರಗಿನ ಅಗ್ಗದ ಎಲ್‌ಇಡಿ ಬಲ್ಬ್ ತುರುಕಿಸುವುದು ಇದಕ್ಕೆ ಬದಲಿ ಆಗದು. ಹ್ಯಾಲೊಜೆನ್‌ಗೆಂದು ಮಾಡಿದ ಗೂಡಿನಲ್ಲಿ ಎಲ್‌ಇಡಿಯ ಬೆಳಕು ಹುಟ್ಟುವ ಜಾಗ ಸರಿಯಾಗಿ ಕೂರುವುದಿಲ್ಲ. ಬೆಳಕು ಚೆದುರಿ ಎದುರಿನವರ ಕಣ್ಣಿಗೆ ಹೊಡೆಯುತ್ತದೆ, ನಮ್ಮ ರಸ್ತೆ ಮಾತ್ರ ಮೊದಲಿನಷ್ಟೇ ಮಂಕು.

ಸನ್‌ರೂಫಿಗೆ ಒಂದು ರೂಪಾಯಿಯೂ ಕೊಡಬೇಕಾಗಿಲ್ಲ ಎನ್ನುವುದು ನಮ್ಮ ಮತ. ಏಪ್ರಿಲ್‌ನಲ್ಲಿ 40 ಡಿಗ್ರಿಗೆ ಹತ್ತಿರವಾಗುವ ಊರಿನಲ್ಲಿ ಅದರ ಪರದೆ ಮುಚ್ಚಿಯೇ ಇರುತ್ತದೆ. ಮೇಲಾಗಿ ಅದರ ನಾಲ್ಕು ಮೂಲೆಯಲ್ಲಿ ನೀರು ಇಳಿಯುವ ಸಣ್ಣ ಕೊಳವೆಗಳಿವೆ. ರವದಿ, ಎರೆಮಣ್ಣಿನ ಧೂಳು ಸೇರಿ ಕಟ್ಟಿಕೊಂಡರೆ ಮೊದಲ ಜೋರು ಮಳೆಗೆ ನೀರು ಒಳಗಿನ ಲೈನಿಂಗ್‌ಗೆ ಇಳಿಯುತ್ತದೆ. ಮಳೆಗಾಲಕ್ಕೆ ಮುಂಚೆ ತೆಳುವಾದ ನೈಲಾನ್ ತಂತಿ ತೂರಿಸಿ, ಒಂದು ಲೋಟ ನೀರು ಬಿಟ್ಟು ಗಾಡಿಯ ಕೆಳಗೆ ಬರುತ್ತದೆಯೇ ನೋಡಿ. ಏರ್ ಗನ್ ಹಿಡಿಯಬೇಡಿ, ಒತ್ತಡಕ್ಕೆ ಕೊಳವೆ ಒಳಗೇ ಕಳಚಿಕೊಳ್ಳುತ್ತದೆ.

ಝಡ್‌ಎಕ್ಸ್‌ಐ ಪ್ಲಸ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಒಂಬತ್ತು ಇಂಚಿನ ಪರದೆ, ಗಾಜಿನ ಮೇಲೆ ವೇಗ ತೋರಿಸುವ ಹೆಡ್-ಅಪ್ ಡಿಸ್‌ಪ್ಲೇ, 360 ಡಿಗ್ರಿ ಕ್ಯಾಮರಾ, ವೈರ್‌ಲೆಸ್ ಚಾರ್ಜರ್. ಇವುಗಳಲ್ಲಿ ಉಪಯೋಗಕ್ಕೆ ಬರುವುದು ಕ್ಯಾಮರಾ ಒಂದೇ.

ಆಟೋಮ್ಯಾಟಿಕ್ ವಿಎಕ್ಸ್‌ಐನಿಂದಲೇ ಸಿಗುತ್ತದೆ. ಇದು ಎಎಂಟಿ (ಮ್ಯಾನುಯಲ್ ಗೇರನ್ನೇ ಯಂತ್ರ ಬದಲಿಸುವ ಬಗೆ) ಅಲ್ಲ, ಆರು ಗೇರಿನ ಟಾರ್ಕ್ ಕನ್ವರ್ಟರ್. ಗೇರ್ ಬದಲಾಗುವಾಗ ತಲೆ ಮುಂದಕ್ಕೆ ವಾಲುವುದಿಲ್ಲ. ಊರೊಳಗಿನ ಟ್ರಾಫಿಕ್ ಸಾಲಿನಲ್ಲಿ ದಿನಾ ನಿಲ್ಲುವವರಿಗೆ, ಮೊಣಕಾಲು ನೋವಿನವರಿಗೆ ಕಣ್ಣುಮುಚ್ಚಿ ಹೇಳಬಹುದಾದ ಆಯ್ಕೆ. ಮ್ಯಾನುಯಲ್‌ನಲ್ಲಿ ಐದೇ ಗೇರ್, ಹೈವೇಯಲ್ಲಿ ನೂರರ ಹತ್ತಿರ ಆರನೆಯದರ ಕೊರತೆ ಕಿವಿಗೆ ಬೀಳುತ್ತದೆ. ಆಟೋಮ್ಯಾಟಿಕ್‌ನಲ್ಲಿ ಆ ಕೊರತೆ ಇಲ್ಲ. ಮೈಲ್ಡ್ ಹೈಬ್ರಿಡ್ ಇರುವುದರಿಂದ ಹೇಳುವ ಮೈಲೇಜ್ 19.80. ಆದರೆ ಬೆಲೆ ಹತ್ತು ಲಕ್ಷ ದಾಟುತ್ತದೆ, ತೆರಿಗೆ ಶೇ 17ಕ್ಕೆ ಏರುತ್ತದೆ.

ಸಿಎನ್‌ಜಿ ತೆಗೆದುಕೊಳ್ಳುವವರು ಲೆಕ್ಕ ಹಾಕಿಯೇ ತೆಗೆದುಕೊಳ್ಳಬೇಕು. ಚಿತ್ರದುರ್ಗ ಮತ್ತು ದಾವಣಗೆರೆ ಜಿಲ್ಲೆಗಳ ಗ್ಯಾಸ್ ಜಾಲ ಯೂನಿಸನ್ ಎನ್ವಿರೋ ಕೈಯಲ್ಲಿತ್ತು, ಆ ಕಂಪನಿಯನ್ನು 2024ರಲ್ಲಿ ಮಹಾನಗರ ಗ್ಯಾಸ್ ಕೊಂಡಿತು. ಹೈವೇ ಗುಂಟ ತುಂಬಿಸಬಹುದು, ಒಳನಾಡಿಗೆ ಹೋದಷ್ಟೂ ಪೆಟ್ರೋಲೇ ಗತಿ. ಹೇಳುವ ಮೈಲೇಜ್ ಕೆ.ಜಿ.ಗೆ 25.51 ಕಿ.ಮೀ. ಸಿಎನ್‌ಜಿಯಲ್ಲಿ ಎಂಜಿನ್ನಿನ ಟಾರ್ಕ್ (ಎಳೆಯುವ ಬಲ) 136.8 ಎನ್‌ಎಂನಿಂದ 121.5ಕ್ಕೆ ಇಳಿಯುತ್ತದೆ. ಐದು ಜನ, ಎಸಿ, ಹಿರಿಯೂರಿನಿಂದ ಚಿತ್ರದುರ್ಗದ ಕಡೆಗಿನ ಏರು, ಎದುರುಗಾಳಿ (ಗಾಳಿಯಂತ್ರಗಳನ್ನು ಅಲ್ಲಿ ಸುಮ್ಮನೆ ನಿಲ್ಲಿಸಿಲ್ಲ) ಎಲ್ಲ ಒಟ್ಟಾದರೆ ನಾಲ್ಕನೆ ಗೇರಿಗೆ ಇಳಿಯಲೇಬೇಕು. 328 ಲೀಟರಿನ ಡಿಕ್ಕಿಯ ಬಹುಪಾಲನ್ನು ಸಿಲಿಂಡರ್ ತಿನ್ನುತ್ತದೆ. ಮದುವೆ ಸೀಸನ್ನಿನಲ್ಲಿ ಸೂಟ್‌ಕೇಸ್ ತೊಡೆ ಮೇಲೆ. ಮೂರು ವರ್ಷಕ್ಕೊಮ್ಮೆ ಸಿಲಿಂಡರಿನ ಹೈಡ್ರೋ ಟೆಸ್ಟ್ ಕಡ್ಡಾಯ, ತಪ್ಪಿಸಿದರೆ ಗ್ಯಾಸ್ ತುಂಬಲು ನಿರಾಕರಿಸಬಹುದು. ತಿಂಗಳಿಗೆ ಎರಡು ಸಾವಿರ ಕಿ.ಮೀ.ಗಿಂತ ಕಡಿಮೆ ಓಡಿಸುವವರಿಗೆ ಇಷ್ಟೆಲ್ಲ ತಾಪತ್ರಯ ಬೇಡ.

ಬ್ರೆಝಾದ ನಿಜವಾದ ದೌರ್ಬಲ್ಯವನ್ನು ಯಾವ ಟ್ರಿಮ್ಮೂ ಮುಚ್ಚುವುದಿಲ್ಲ. ಟರ್ಬೊ ಇಲ್ಲ, ಡೀಸೆಲ್ ಇಲ್ಲ. ಪೆಟ್ರೋಲಿನ ಪೂರ್ತಿ ಟಾರ್ಕ್ ಬರುವುದೇ 4400 ಆರ್‌ಪಿಎಂನಲ್ಲಿ. ಖಾಲಿ ಗಾಡಿ ಹಗುರವಾಗಿ ಓಡುತ್ತದೆ, ನಾಲ್ಕು ಸಿಲಿಂಡರ್ ಆದ್ದರಿಂದ ನಡುಕವೂ ಕಡಿಮೆ. ತುಂಬಿದ ಗಾಡಿಯಲ್ಲಿ ಲಾರಿ ಹಿಂದಿಕ್ಕಲು ಮೂರನೆ ಗೇರಿಗೆ ಬಂದು ಎಂಜಿನ್ ಕೂಗಿಸಬೇಕು. ಟಾಟಾ ನೆಕ್ಸಾನ್‌ನ 1.2 ಲೀಟರ್ ಟರ್ಬೊ 170 ಎನ್‌ಎಂ, ಡೀಸೆಲ್ 260 ಎನ್‌ಎಂ ಕೊಡುತ್ತದೆ. 2024ರಲ್ಲಿ ಭಾರತ್ ಎನ್‌ಕ್ಯಾಪ್ ಅಪಘಾತ ಪರೀಕ್ಷೆಯ ಐದು ಸ್ಟಾರ್ ಕೂಡ ಅದಕ್ಕೆ ಸಿಕ್ಕಿದೆ. ಬ್ರೆಝಾ ಮಾರುವವರು 2018ರ ನಾಲ್ಕು ಸ್ಟಾರ್ ತೋರಿಸಿದರೆ ಒಪ್ಪಬೇಡಿ, ಅದು ಹಿಂದಿನ ತಲೆಮಾರಿನ ಗಾಡಿಯ ಅಂಕ. ಈಗಿನದು 2022ರಲ್ಲಿ ಬಂದದ್ದು.

ಜಿಎಸ್‌ಟಿಯಲ್ಲೂ ಬ್ರೆಝಾಗೆ ಏಟು ಬಿದ್ದಿದೆ. ನಾಲ್ಕು ಮೀಟರ್ ಒಳಗಿನ ಗಾಡಿಗೆ ಶೇ 18ರ ದರ ಸಿಗಬೇಕಾದರೆ ಪೆಟ್ರೋಲ್ ಎಂಜಿನ್ 1200 ಸಿಸಿ ಮೀರಬಾರದು, ಡೀಸೆಲ್ 1500 ಮೀರಬಾರದು. ಬ್ರೆಝಾದ ಉದ್ದ 3995 ಮಿ.ಮೀ. ಸರಿಯಾಗಿದೆ, ಎಂಜಿನ್ 1462 ಸಿಸಿ. ಹಾಗಾಗಿ ಶೇ 40. ಮೊದಲು ಶೇ 45 ಇತ್ತು, ಇಳಿದದ್ದು ಐದು. ಎದುರಾಳಿ ನೆಕ್ಸಾನ್‌ನ ಪೆಟ್ರೋಲ್ ಶೇ 29ರಿಂದ 18ಕ್ಕೆ ಇಳಿಯಿತು. ಎರಡರ ನಡುವೆ ಹಿಂದೆ ಕೇಳಿದ್ದ ಬೆಲೆ ಹೋಲಿಕೆ ಈಗ ನಡೆಯುವುದಿಲ್ಲ, ಹೊಸ ಕೊಟೇಶನ್ ಎರಡೂ ಕಡೆ ತೆಗೆಸಿ. ಹಾಗಿದ್ದೂ ಬ್ರೆಝಾ ಹಿಡಿಸುವುದು ಸರ್ವಿಸ್ ತಾಲ್ಲೂಕು ಮಟ್ಟದಲ್ಲೂ ಸಿಗುವುದರಿಂದ, 1685 ಮಿ.ಮೀ. ಎತ್ತರದ ಗಾಡಿಗೆ ವಯಸ್ಸಾದವರು ಬಗ್ಗದೆ ಹತ್ತುವುದರಿಂದ, ಮಾರುವಾಗ ಗಿರಾಕಿ ಬೇಗ ಸಿಗುವುದರಿಂದ.

ಟೆಸ್ಟ್ ಡ್ರೈವ್‌ಗೆ ಶೋರೂಮಿನ ಸುತ್ತ ಒಂದು ರೌಂಡು ಸಾಲದು. ನಾಲ್ಕು ಜನ ಕೂತು, ಎಸಿ ಎರಡರಲ್ಲಿಟ್ಟು ಹೊರಡಿ. ಸರ್ವಿಸ್ ರಸ್ತೆಯ ಹಂಪಿನಲ್ಲಿ ತಳ ತಾಗುತ್ತದೆಯೇ ಕೇಳಿ. ಹೈವೇ ಹತ್ತಿ ಮೂರನೆ ಗೇರಿನಲ್ಲಿ 40ರಿಂದ 80ಕ್ಕೆ ಏರಿಸಿ. ಹಿಂದಿನ ಸೀಟಿನವರಿಗೆ ಎಸಿ ಗಾಳಿ ತಲುಪಿತೇ ಕೇಳಿ. ಸಾಧ್ಯವಾದರೆ ಸಂಜೆ ಏಳರ ಮೇಲೆ ಕುಂದವಾಡ ಕೆರೆ ಕಡೆಯ ಕತ್ತಲ ರಸ್ತೆಗೆ ಒಯ್ದು ಹ್ಯಾಲೊಜೆನ್, ಎಲ್‌ಇಡಿ ಎರಡನ್ನೂ ನೋಡಿ. ಶೋರೂಮಿನವರು ಟೆಸ್ಟ್‌ಗೆ ಸಾಮಾನ್ಯವಾಗಿ ಮೇಲಿನ ಟ್ರಿಮ್ಮೇ ಕೊಡುತ್ತಾರೆ, ಕೊಳ್ಳುವ ಟ್ರಿಮ್ಮನ್ನು ಸ್ಟಾಕ್‌ಯಾರ್ಡಿನಲ್ಲಾದರೂ ಕೂತು ನೋಡಿ.

ಕೊಟೇಶನ್ ಬಿಡಿಬಿಡಿಯಾಗಿ ಬರೆಸಿಕೊಳ್ಳಿ. 'ಹ್ಯಾಂಡ್ಲಿಂಗ್' ಶುಲ್ಕ ಕಂಡರೆ ತೆಗೆಸಿ. ಇನ್ಶೂರೆನ್ಸ್ ಹೊರಗಿನಿಂದ ತರುವ ಹಕ್ಕು ಕೊಳ್ಳುವವರದು, ಆ ಮಾತು ಎತ್ತಿದ ಮೇಲೆ ಶೋರೂಮಿನ ಪ್ರೀಮಿಯಂ ಇಳಿಯುವುದುಂಟು. ಮೂರು ವರ್ಷದ ಥರ್ಡ್ ಪಾರ್ಟಿ ಕಡ್ಡಾಯ, ಸ್ವಂತ ಹಾನಿಯ ಭಾಗ ಒಂದು ವರ್ಷಕ್ಕೆ ಸಾಕು, ಜೀರೊ ಡೆಪ್ (ಬಿಡಿಭಾಗದ ಸವಕಳಿ ಕಳೆಯದೆ ಕೊಡುವ ವಿಮೆ) ಇರಲಿ. ವಾರಂಟಿ ಈಗ ಮೂರು ವರ್ಷ ಅಥವಾ ಒಂದು ಲಕ್ಷ ಕಿ.ಮೀ., ಮುಂದುವರಿಸುವ ವಾರಂಟಿಯನ್ನು ಅದೇ ದಿನ ಕೊಳ್ಳಬೇಕೆಂಬ ಆತುರ ಬೇಡ.

ಗಾಡಿ ಪಾಸಿಂಗ್ ಆಗುವ ಮೊದಲೇ ಹಗಲು ಬೆಳಕಿನಲ್ಲಿ ಪರೀಕ್ಷಿಸಿ. ಕೆಎ-17 ನಂಬರ್ ಬಿದ್ದ ಮೇಲೆ ಗಾಡಿ ನಿಮ್ಮದು, ಬದಲಿಸುವ ಮಾತೇ ಇಲ್ಲ. ಚಾಸಿಸ್ ನಂಬರ್ ಇನ್‌ವಾಯ್ಸ್‌ನೊಂದಿಗೆ ಹೋಲಿಸಿ. ಟೈರಿನ ಮೇಲೆ ಅಂಡಾಕಾರದ ಗುರುತಿನೊಳಗೆ ನಾಲ್ಕು ಅಂಕಿ ಇರುತ್ತದೆ, 3525 ಎಂದಿದ್ದರೆ 2025ರ 35ನೇ ವಾರ ತಯಾರಾದದ್ದು. ಐದೂ ಟೈರ್ ನೋಡಿ, ಸ್ಟೆಪ್ನಿಯನ್ನು ಬಿಡಬೇಡಿ. ಬಂಪರ್, ಬಾಗಿಲ ಸಂದುಗಳಲ್ಲಿ ಬಣ್ಣದ ಛಾಯೆ ಬೇರೆಯಾಗಿದ್ದರೆ ಸಾಗಣೆಯಲ್ಲಿ ತಾಗಿ ಮತ್ತೆ ಬಣ್ಣ ಹೊಡೆದಿರಬಹುದು. ಹಾಗೆ ಕಂಡರೆ ಫೋಟೊ ತೆಗೆದು ಅದೇ ದಿನ ಬೇರೆ ಗಾಡಿ ಕೇಳಿ. ಬಾಕಿ ಹಣ ಕಟ್ಟುವುದು ಇದೆಲ್ಲ ಮುಗಿದ ಮೇಲೆ.