ಕಂಪನಿ ಬಂದು ನಮ್ಮ ಬೆಟ್ಟದ ದಾರಿ ಸರಿ ಮಾಡಿದ್ದು: 5ಕ್ಕೆ 3 ಸ್ಟಾರ್

ಮಿಕ್ಸಿಗೆ, ಚಪ್ಪಲಿಗೆಲ್ಲ ರಿವ್ಯೂ ಬರೀತಾರೆ, ಸಿಎಸ್‌ಆರ್‌ಗೆ (ಅಂದ್ರೆ ಕಂಪನಿಗಳು ಲಾಭದಲ್ಲಿ ಸ್ವಲ್ಪ ಹಾಕಿ ಮಾಡೋ ಸಮಾಜದ ಕೆಲ್ಸಕ್ಕೆ) ಯಾರೂ ಬರ್ಯಲ್ಲ, ಅದ್ಕೇ ನಾನು ಬರೀತಿದೀನಿ. ಕಂಪನಿ ಹೆಸ್ರು ಹಾಕಲ್ಲ, ಕೇಳ್ಬೇಡಿ, ಬೆಂಗ್ಳೂರಿನವ್ರು ಅಷ್ಟೇ.

ಶಿರಸಿಯಿಂದ ಅರ್ಧ ಗಂಟೆ ದೂರದ ನಮ್ಮೂರಲ್ಲಿ ಹೊಳೆಗೆ ಇಳಿಯೋ ಕಾಲ್ದಾರಿ ಒಂದಿದೆ. ಮೊದ್ಲು ದನ, ದನದ ಹಿಂದೆ ಹೋಗೋರು ಮಾತ್ರ ಓಡಾಡ್ತಿದ್ರು, ಈಗ ಶನಿವಾರ ಭಾನುವಾರ ಬಂತಂದ್ರೆ ಟ್ರೆಕ್ಕಿಂಗ್‌ನವ್ರ ಸಾಲು. ನಾವು ಹತ್ತು ಹನ್ನೆರಡು ಜನ ಅರಣ್ಯ ಇಲಾಖೆಗೆ ಹೇಳಿ ಕೇಳಿ, ಭಾನುವಾರ ದೋಸೆ ತಿಂದ್ಕೊಂಡು ಹೋಗಿ, ಬಾಟ್ಲಿ ಹೆಕ್ಕೋದು, ಬಿದ್ದ ಮರ ಸರಿಸೋದು, ಚರಂಡಿ ಬಿಡಿಸೋದು ಮಾಡ್ತೀವಿ. ಅಡಿಕೆ ಕೊನೆಕೊಯ್ಲು ಶುರುವಾದ್ರೆ ಮಾತ್ರ ಯಾರೂ ಸಿಗಲ್ಲ.

ಮೊದಲ್ನೇ ಸಲ ಕಂಪನಿಯವ್ರು ಬಂದಿದ್ದು ಮಾರ್ಚಲ್ಲಿ. ಎರಡು ಬಸ್ಸು, ಎಲ್ರಿಗೂ ಒಂದೇ ಬಣ್ಣದ ಟೀ ಶರ್ಟು, ಇನ್ನೂರು ಗುಲ್‌ಮೊಹರ್ ಗಿಡ. ಮಾರಾಯ್ರೇ, ಮುರುಗಲು, ಉಪ್ಪಾಗೆ, ವಾಟೆ ಎಲ್ಲಾ ತಾನಾಗೇ ಹುಟ್ಟೋ ಬೆಟ್ಟಕ್ಕೆ ಮಡಗಾಸ್ಕರ್ ಮೂಲದ ಗಿಡ, ಅದೂ ಒಂದು ಹನಿ ಮಳೆ ಇಲ್ದಿರೋ ಟೈಮಲ್ಲಿ! ಬ್ಯಾನರ್ ಕಟ್ಟಿ ಫೋಟೋ ತೆಗ್ಯೋಕೆ ಮುಕ್ಕಾಲು ಗಂಟೆ, ಗುಂಡಿ ತೋಡೋಕೆ ಅರ್ಧ ಗಂಟೆ. ಸಂಜೆ ಹಾರೆ, ಪಿಕಾಸಿ, ಕಳೆ ಕೊಚ್ಚೋ ಮಷಿನ್ ಎಲ್ಲಾ ಟೆಂಪೋಕ್ಕೆ ಏರಿಸ್ಕೊಂಡು ವಾಪಸ್ ಹೋದ್ರು. ಮೇ ತಿಂಗ್ಳು ಬರೋದ್ರೊಳ್ಗೆ ಗಿಡ ಎಲ್ಲಾ ಒಣಗಿ ಕಡ್ಡಿ. 1983ರಲ್ಲಿ ಇಲ್ಲೇ ಸಾಲ್ಕಣಿ ಕಡೆ ಅಪ್ಪಿಕೊ ಚಳವಳಿ ಶುರುವಾಗಿ ಜನ ಮರ ತಬ್ಕೊಂಡು ನಿಂತಾಗ ಇಷ್ಟು ಟೀ ಶರ್ಟ್ ಬೇಕಾಗಿರ್ಲಿಲ್ಲ ಅಂತ ನಮ್ಮ ಚಿಕ್ಕಪ್ಪ ಈಗ್ಲೂ ಆಡ್ಕೋತಾರೆ.

ಯಾಕೆ ಮಾರ್ಚು ಅಂತ ಕೇಳಿದ್ರೆ, 31ನೇ ತಾರೀಕಿನೊಳ್ಗೆ ದುಡ್ಡು ಖರ್ಚು ಮಾಡ್ಲೇಬೇಕು ಅಂದ್ರು. ನಾವು ಹೌದೇನೋ ಅಂದ್ಕೊಂಡ್ವಿ. ಅತ್ತಿಗೆ ಮಗಳು ಸಿಎ ಓದ್ತಿದಾಳೆ, ಅವ್ಳು ನಕ್ಳು. 2013ರ ಕಂಪನಿ ಕಾಯ್ದೆ 135ನೇ ಸೆಕ್ಷನ್ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ 3 ವರ್ಷದ ಸರಾಸರಿ ಲಾಭದಲ್ಲಿ 2% ಇಂಥ ಕೆಲ್ಸಕ್ಕೆ ಹಾಕ್ಬೇಕು ಅನ್ನೋದು ಸರಿ, ಆದ್ರೆ ಒಂದೇ ವರ್ಷಕ್ಕೆ ಮುಗೀದೇ ಇರೋ ಯೋಜನೆ ಅಂತ ಮೊದ್ಲೇ ತೋರಿಸಿದ್ರೆ, ಉಳಿದ ದುಡ್ಡನ್ನ ವರ್ಷ ಮುಗಿದ 30 ದಿನದೊಳ್ಗೆ ಬೇರೆ ಅಕೌಂಟಿಗೆ ಹಾಕಿಟ್ಟು ಮುಂದಿನ 3 ವರ್ಷದಲ್ಲಿ ಖರ್ಚು ಮಾಡ್ಬೋದಂತೆ. ಆ ದುಡ್ಡಲ್ಲಿ ತಗೊಂಡ ಮಷಿನ್ ತರದ ಆಸ್ತಿ ಕಂಪನಿ ಹೆಸ್ರಲ್ಲಿ ಇರೋ ಹಾಗೂ ಇಲ್ವಂತೆ. ಇದನ್ನೇ ನೀಟಾಗಿ ಟೈಪ್ ಮಾಡಿ ಅವ್ರಿಗೆ ಕಳ್ಸಿದ್ವಿ.

ಅಲ್ಲಿಂದ ಕಥೆ ಬದ್ಲಾಯ್ತು, ಮೂರು ಸ್ಟಾರೂ ಇದ್ಕೇ. ಮುಂದಿನ ವರ್ಷ ಕೋಆರ್ಡಿನೇಟರ್ ಹುಡ್ಗಿ ಒಬ್ಳು ಫೋನ್ ಮಾಡಿ, ಸರ್ ಯಾವಾಗ ಬರ್ಲಿ, ಏನು ತರ್ಲಿ ಅಂತ ಕೇಳಿದ್ಳು. ಹೀಗೆ ಕೇಳಿದ್ದು ಇದೇ ಮೊದ್ಲು. ಮೇ ತಿಂಗ್ಳಲ್ಲಿ ಬಾ, ಹದಿನೈದು ಜನ ಸಾಕು ಅಂದೆ. ನಮ್ಮ ದಾರಿಗೆ ಕಸಕ್ಕಿಂತ ದೊಡ್ಡ ಶತ್ರು ನೀರು, ಮಳೆಗಾಲದಲ್ಲಿ ನೀರು ದಾರಿ ಹಿಡಿದು ಇಳಿಯೋಕೆ ಶುರು ಮಾಡಿದ್ರೆ ಎರಡೇ ವರ್ಷಕ್ಕೆ ದಾರಿ ಹಳ್ಳ ಆಗತ್ತೆ, ಆಮೇಲೆ ಜನ ಪಕ್ಕದಲ್ಲಿ ಗಿಡ ತುಳ್ಕೊಂಡು ಹೊಸ ದಾರಿ ಮಾಡ್ತಾರೆ, ಅದೂ ಹಳ್ಳ. ಅದ್ಕೆ ಅಲ್ಲಲ್ಲಿ ದಾರಿಗೆ ಅಡ್ಡ, ನೆಟ್ಟಗೆ ಅಲ್ಲ ಓರೆಯಾಗಿ, ಚರಂಡಿ ತೋಡಿ ಕೆಳಗಡೆ ಅಂಚಿಗೆ ಚಿರೇಕಲ್ಲು ಹೂಳ್ಬೇಕು. ಲ್ಯಾಪ್‌ಟಾಪ್ ಕೈಯ ಹುಡ್ಗ ಒಬ್ಬ ಒಂದೇ ಕಲ್ಲಿಗೆ ಇಪ್ಪತ್ತು ನಿಮಿಷ ತಗೊಂಡ, ಕೂರಿಸೋದು, ಮೇಲೆ ನಿಂತು ಅಲ್ಲಾಡಿಸೋದು, ಮತ್ತೆ ಕೀಳೋದು. ಕೊನೆಗೆ ಬಾಟ್ಲಿ ನೀರು ಸುರಿದು ಅದು ಪಕ್ಕಕ್ಕೆ ತಿರುಗಿ ದರಕಿನ (ಒಣಗಿದ ಎಲೆ) ಅಡಿಗೆ ಹೋಗೋದನ್ನ ನೋಡಿ ಕೂಗ್ಕೊಂಡ ನೋಡಿ, ಊರಿಗೆಲ್ಲ ಕೇಳಿರ್ಬೇಕು.

ಆ ಮಳೆಗಾಲದಲ್ಲಿ ಅವ್ನ ಚರಂಡಿ ಹಾಳಾಗ್ದೆ ನಿಂತಿತ್ತು. ನಾವು ಗಡಿಬಿಡೀಲಿ ಮಾಡಿದ ಎರಡು ಮಾತ್ರ ಓರೆ ಸಾಲ್ದೆ ಮಣ್ಣು ತುಂಬಿ ಮುಚ್ಚೋದ್ವು, ನಾಚಿಕೆ.

ಉಳಿದಿದ್ದು ಬೇಗ ಹೇಳ್ಬಿಡ್ತೀನಿ. ಗ್ಲೌಸ್ ಒಳ್ಳೇದು, ಉಂಬಳಕ್ಕೂ (ಕಾಡಿನ ಜಿಗಣೆ) ಪರ್ವಾಗಿಲ್ಲ. ಊಟ ಊರವ್ರ ಕೈಲೇ ಮಾಡ್ಸಿದ್ರು, ಅಪ್ಪೆಹುಳಿಗೆ ಬೆಂಗ್ಳೂರಿನವ್ರು ಮೂರ್ಮೂರು ಸಲ ಲೋಟ ಒಡ್ಡಿದ್ರು. ಹತಾರ ಎಲ್ಲಾ ಈ ಸಲ ನಮ್ಮ ಸಂಘಕ್ಕೇ ಬಿಟ್ಟು ಹೋದ್ರು. ಮಷಿನ್ ಕೊಟ್ರು, ಆದ್ರೆ ಪೆಟ್ರೋಲಿಗೆ, ಅದ್ಕೆ ಕಲ್ಸೋ ಆಯಿಲ್ಗೆ, ಕಲ್ಲಿಗೆ ತಾಗಿ ತುಂಡಾಗೋ, ಕಳೆ ಕೊಚ್ಚೋ ದಾರಕ್ಕೆ ಒಂದು ರೂಪಾಯಿ ಇಲ್ಲ, ಅದು ನಮ್ಮ ಜೇಬಿಂದ. ಒಂದು ಸ್ಟಾರ್ ಅಲ್ಲಿ ಹೋಯ್ತು, ಇನ್ನೊಂದು ಗುಲ್‌ಮೊಹರಿಗೆ.

ಈ ಸಲಾನೂ ಮೇ ಎರಡ್ನೇ ವಾರ ಬರ್ತೀವಿ ಅಂದಿದಾರೆ. ಟೀ ಶರ್ಟ್ ಬೇಡ, ಕತ್ತಿ ಮಸ್ಯೋಕೆ ನಾಲ್ಕು ಅರ ತನ್ನಿ ಅಂತ ಮೆಸೇಜ್ ಹಾಕ್ದೆ. ಅರ ಅಂದ್ರೆ ಏನ್ ಸರ್ ಅಂತ ಉತ್ರ ಬಂತು, ಫೋಟೋ ಕಳ್ಸಿದೀನಿ.