ಮಾದರಿ ಜೀಪಿಗೆ ಅಕ್ರಿಲಿಕ್ ಬಣ್ಣ: ಮಲೆನಾಡಿನ ಹವೆಯಲ್ಲಿ ವಲ್ಲೆಹೊ ಮತ್ತು ತಮಿಯಾ

ಪ್ಲಾಸ್ಟಿಕ್ ಮಾದರಿಗಳಿಗೆ ಕುಂಚದಿಂದಲೇ ಬಣ್ಣ ಹಚ್ಚುವವರು ಸ್ಪೇನಿನ ವಲ್ಲೆಹೊ ಕಂಪನಿಯ ‘ಮಾಡೆಲ್ ಕಲರ್’ ಬಣ್ಣಗಳನ್ನೂ, ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಏರ್‌ಬ್ರಷ್ ಇರುವವರು ಜಪಾನಿನ ತಮಿಯಾ ಬಣ್ಣಗಳನ್ನೂ ಕೊಳ್ಳುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ಎರಡನ್ನೂ ಅಕ್ರಿಲಿಕ್ ಎಂದೇ ಮಾರುತ್ತಾರಾದರೂ ಅವುಗಳ ಸ್ವಭಾವ ಬೇರೆ ಬೇರೆ, ಚಿಕ್ಕಮಗಳೂರಿನಂಥ ಮಳೆಯ ಸೀಮೆಯಲ್ಲಿ ಆ ವ್ಯತ್ಯಾಸ ಇನ್ನಷ್ಟು ಎದ್ದು ಕಾಣುತ್ತದೆ. ನಾನು ಇವನ್ನು ಬಳಸಿದ್ದು 1:35 ಅಳತೆಯ ವಿಲ್ಲಿಸ್ ಜೀಪಿಗೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೇನೆಗಾಗಿ ತಯಾರಾದ ಈ ವಾಹನದ ವಂಶದವು ಇಂದಿಗೂ ನಮ್ಮ ಕಾಫಿ ತೋಟಗಳಲ್ಲಿ ಓಡಾಡುತ್ತಿರುವುದರಿಂದ, ಕೆಸರು ಮೆತ್ತಿದ ಜೀಪು ಹೇಗಿರುತ್ತದೆಂದು ನೋಡಲು ದೂರ ಹೋಗಬೇಕಾಗಲಿಲ್ಲ. ಮೂಲ ಬಣ್ಣ ಯಾವುದೆಂದು ಮಾತ್ರ ಅವುಗಳ ಮಾಲೀಕರನ್ನು ಕೇಳಿ ಪ್ರಯೋಜನವಿಲ್ಲ.

ವಲ್ಲೆಹೊ ಬಣ್ಣ ತೊಟ್ಟಿಕ್ಕುವ ಮೂತಿಯ ಪುಟ್ಟ ಬಾಟಲಿಯಲ್ಲಿ ಬರುವುದರಿಂದ ಬೇಕಾದಷ್ಟು ಹನಿಗಳನ್ನು ಎಣಿಸಿ ಬೆರೆಸಬಹುದು. ಇಂದು ಬೆರೆಸಿದ ಛಾಯೆಯನ್ನೇ ಮುಂದಿನ ವಾರ ಮತ್ತೆ ಪಡೆಯಲು ಇದಕ್ಕಿಂತ ಅನುಕೂಲವಾದ ಏರ್ಪಾಡು ಇಲ್ಲ. ವರ್ಣದ್ರವ್ಯ ನುಣ್ಣಗಿದ್ದು ಸಾಂದ್ರವಾಗಿರುವ ಕಾರಣ, ನೀರು ಬೆರೆಸಿ ತೆಳುವಾದ ಎರಡು ಕೋಟ್ ಕೊಟ್ಟರೂ ಬಾನೆಟ್ಟಿನ ಕೊಂಡಿ, ಗ್ರಿಲ್ಲಿನ ಸೀಳುಗಳು ಮುಚ್ಚಿಹೋಗುವುದಿಲ್ಲ. ಆದರೆ ನಿಂತ ಬಾಟಲಿಯಲ್ಲಿ ಬಣ್ಣ ತಳಕ್ಕಿಳಿದು ಪಾರದರ್ಶಕ ದ್ರವ ಮೇಲೆ ತೇಲುತ್ತದೆ. ಚೆನ್ನಾಗಿ ಕುಲುಕದೆ ಹಿಂಡಿದರೆ ಮೊದಲು ಹೊರಬರುವುದು ಆ ದ್ರವವೇ. ಇನ್ನೊಂದು ದೌರ್ಬಲ್ಯವೆಂದರೆ ಬರಿಯ ಪ್ಲಾಸ್ಟಿಕ್ಕಿನ ಮೇಲೆ ಇದು ಗಟ್ಟಿಯಾಗಿ ಹಿಡಿಯುವುದಿಲ್ಲ, ಉಗುರು ತಾಗಿದರೆ ಎದ್ದುಬರುತ್ತದೆ. ಆದ್ದರಿಂದ ಬಿಡಿಭಾಗಗಳನ್ನು ಪಾತ್ರೆ ತೊಳೆಯುವ ಸೋಪಿನ ನೀರಿನಲ್ಲಿ ತೊಳೆದು ಅಚ್ಚಿನ ಜಿಡ್ಡು ತೆಗೆದು, ಬಣ್ಣ ಗಟ್ಟಿಯಾಗಿ ಹಿಡಿಯಲೆಂದು ಮೊದಲು ಬಳಿಯುವ ತಳಪದರವಾದ ಪ್ರೈಮರ್ ಹಚ್ಚಿದ ಮೇಲೆಯೇ ಬಣ್ಣಕ್ಕೆ ಕೈಹಾಕಬೇಕು. ನನ್ನನ್ನು ಕೇಳಿದರೆ, ಹಣ ಕಡಿಮೆಯಿದ್ದಾಗ ಬಣ್ಣದ ಎರಡು ಬಾಟಲಿ ಬಿಟ್ಟರೂ ಪ್ರೈಮರ್ ಬಿಡಬಾರದು.

ಆ ಪ್ರೈಮರನ್ನು ಆರಿಸುವಲ್ಲಿಯೇ ನಮ್ಮ ಹವೆ ಅಡ್ಡ ಬರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯಲ್ಲಿ ತೇವ ತುಂಬಿರುವಾಗ ಸ್ಪ್ರೇ ಡಬ್ಬಿ ಬಳಸಿದರೆ ಮೇಲ್ಮೈ ಮಂಕಾಗಿ ಬೆಳ್ಳಗೆ ತಿರುಗುವ ಅಪಾಯವಿದೆ. ಕುಂಚದಿಂದ ಹಚ್ಚುವ ವಲ್ಲೆಹೊ ಪ್ರೈಮರ್ ಈ ತಿಂಗಳುಗಳಿಗೆ ಹೆಚ್ಚು ಸುರಕ್ಷಿತ. ನೀರು ಆವಿಯಾದಂತೆ ಅಕ್ರಿಲಿಕ್ಕಿನ ಸೂಕ್ಷ್ಮ ಕಣಗಳು ಒಂದಕ್ಕೊಂದು ಬೆಸೆದುಕೊಂಡು ಪದರವಾಗಬೇಕಾದ್ದರಿಂದ, ಮಳೆಗಾಲದಲ್ಲಿ ಕೋಟ್ ಮುಟ್ಟಿದರೆ ಒಣಗಿದಂತಿದ್ದರೂ ಒಳಗೆ ಹಸಿಯಾಗಿಯೇ ಇರಬಹುದು. ಆ ಸ್ಥಿತಿಯಲ್ಲಿ ಎರಡನೆಯ ಕೋಟ್ ಹಚ್ಚಿದರೆ ಕೆಳಗಿನದು ಕುಂಚಕ್ಕೆ ಅಂಟಿ ಕಿತ್ತುಬರುತ್ತದೆ. ಒಂದು ರಾತ್ರಿ ಬಿಡುವುದೇ ಮೇಲು. ಬೇಸಗೆಯಲ್ಲಿ ಸಮಸ್ಯೆ ತಿರುಗುಮುರುಗಾಗಿ, ಬಣ್ಣ ಪ್ಯಾಲೆಟ್ಟಿನಲ್ಲಿಯೇ ಗಟ್ಟಿಯಾಗತೊಡಗುತ್ತದೆ. ಆಗ ಡಬ್ಬಿಯೊಂದರಲ್ಲಿ ಒದ್ದೆ ಸ್ಪಂಜು, ಅದರ ಮೇಲೆ ಬೇಕರಿಯವರು ಟ್ರೇಗೆ ಹಾಸುವ ಕಾಗದ ಹಾಸಿ ಪ್ಯಾಲೆಟ್ ಮಾಡಿಕೊಂಡರೆ ಸಾಕು.

ತಮಿಯಾದ ಎಕ್ಸ್‌ಎಫ್-62 ಆಲಿವ್ ಡ್ರ್ಯಾಬ್ ಎಂಬ ಮಂಕು ಕಂದುಹಸಿರು ಸೇನೆಯ ಜೀಪಿಗೆ ಹೇಳಿ ಮಾಡಿಸಿದ ಛಾಯೆ. ಅದೇ ಕಂಪನಿಯ ಎಕ್ಸ್-20ಎ ಥಿನ್ನರ್ (ಬಣ್ಣವನ್ನು ತೆಳುವಾಗಿಸುವ ದ್ರವ) ಬೆರೆಸಿ ಏರ್‌ಬ್ರಷ್‌ನಲ್ಲಿ ಹೊಡೆದರೆ ಒಂದೇ ಸಮನಾದ, ಪ್ಲಾಸ್ಟಿಕ್ಕನ್ನು ಬಿಗಿಯಾಗಿ ಹಿಡಿಯುವ ಪದರ ಸಿಗುತ್ತದೆ. ಆದರೆ ಇದರಲ್ಲಿ ಆಲ್ಕೊಹಾಲ್ ಅಂಶವಿರುವುದರಿಂದ ಬೇಗ ಒಣಗುತ್ತದೆ, ವಾಸನೆಯೂ ಇದೆ; ಕುಂಚದಲ್ಲಿ ಅದೇ ಜಾಗವನ್ನು ಮತ್ತೆ ಸವರಿದರೆ ಕೆಳಗಿನ ಪದರ ಕರಗಿ ಗೆರೆ ಬೀಳುತ್ತದೆ. ಜೀಪಿನ ಮೈಗೆ ತಮಿಯಾ, ಸೀಟು, ಟೈರು, ಚಾಲಕನ ಮುಖಕ್ಕೆ ವಲ್ಲೆಹೊ ಎಂದು ಹಂಚಿಕೊಂಡಿದ್ದರಿಂದ ನನಗೆ ಎರಡರ ಗುಣವೂ ದಕ್ಕಿತು.

ಊರಿನ ಸ್ಟೇಷನರಿ ಅಂಗಡಿಗಳಲ್ಲಿ ಸುಲಭವಾಗಿ ಸಿಗುವ ಕ್ಯಾಮ್ಲಿನ್, ಫೆವಿಕ್ರಿಲ್ ಬಣ್ಣಗಳನ್ನು ತಳ್ಳಿಹಾಕುವಂತಿಲ್ಲ. ಅವು ಕ್ಯಾನ್ವಾಸು, ಬಟ್ಟೆ, ಮಡಕೆಗಳಿಗೆಂದು ತಯಾರಾದವು. ಮುಖದ ಗೆರೆಗಳಿಗೆ ತುಸು ದಪ್ಪವೆನಿಸಿದರೂ, ಜೀಪು ನಿಲ್ಲುವ ಹಲಗೆಯ ಮೇಲಿನ ಕೆಂಪು ಮಣ್ಣು, ಕಲ್ಲು, ಹುಲ್ಲಿಗೆ ದುಬಾರಿ ಬಣ್ಣವನ್ನು ಸುರಿಯುವುದು ದಂಡ. ತರಿಸಿಕೊಳ್ಳುವುದಾದರೆ ದೊಡ್ಡ ಪೆಟ್ಟಿಗೆಯ ಸೆಟ್ ಬೇಡ, ಅದರಲ್ಲಿ ಅರ್ಧ ಬಣ್ಣಗಳ ಮುಚ್ಚಳ ತೆರೆಯುವ ಸಂದರ್ಭವೇ ಬರುವುದಿಲ್ಲ. ಕಪ್ಪು, ಬಿಳಿ, ಕಂದು, ಓಕರ್ (ಮಣ್ಣಿನಂಥ ಕಂದುಹಳದಿ) ಮತ್ತು ಮೈಬಣ್ಣ ಬಿಡಿಯಾಗಿ ಸಾಕು. ಹಳದಿ ಯಾವ ಕಂಪನಿಯದಾದರೂ ಸಾಮಾನ್ಯವಾಗಿ ಕೆಳಗಿನ ಬಣ್ಣವನ್ನು ಮರೆಮಾಡುವುದಿಲ್ಲವಾದ್ದರಿಂದ ಮೊದಲು ಓಕರ್ ಹಚ್ಚಿ ಮೇಲೆ ಹಳದಿ ಕೊಡಬೇಕು.

ಕೊನೆಗೆ ಹಚ್ಚುವ ಮ್ಯಾಟ್ ವಾರ್ನಿಷ್ ಬಗ್ಗೆ ಒಂದು ಎಚ್ಚರಿಕೆ: ಹೊಳಪು ತಗ್ಗಿಸುವ ಪುಡಿ ಬಾಟಲಿಯ ತಳದಲ್ಲಿ ಕುಳಿತಿರುತ್ತದೆ. ಕುಲುಕದೆ ಬಳಸಿದರೆ ಜೀಪು ಮಿನುಗುತ್ತದೆ, ಅತಿಯಾಗಿ ಬಳಿದರೆ ಮೂಲೆಗಳಲ್ಲಿ ಬಿಳಿ ಪೊರೆ ಕಟ್ಟುತ್ತದೆ.