ಮಲೆನಾಡಿನ ಮಳೆಗಾಲ, ಮನೆಯ ಕೋವಿ ಮತ್ತು ಬ್ಯಾಲಿಸ್ಟಾಲ್ ಎಣ್ಣೆ: ವರ್ಷಗಟ್ಟಲೆ ಬಳಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ಮನೆಯಲ್ಲಿ ಕೇಪಿನ ಕೋವಿ (ನಳಿಗೆಯ ಬಾಯಿಯಿಂದ ಮದ್ದು ತುಂಬಿ, ಕೇಪು ಸಿಡಿಸಿ ಹೊಡೆಯುವ ಹಳೆ ಕೋವಿ) ಇದ್ದರೆ ಬ್ಯಾಲಿಸ್ಟಾಲ್ ತಗೊಳ್ಳಿ, ಜಾಸ್ತಿ ಯೋಚನೆ ಬೇಡ. ಬರೀ ತೋಟಾ (ಕಾರ್ಟ್ರಿಜ್) ಹಾಕುವ ಕೋವಿ ಇದ್ದರೆ ಕೋವಿಗೆಂದೇ ಮಾಡಿದ ಒಳ್ಳೆಯ ಎಣ್ಣೆ ಯಾವುದಾದರೂ ನಡೆಯುತ್ತದೆ. ಆದರೂ ನಾನಾದರೆ ಇದನ್ನೇ ತಗೊಳ್ಳುತ್ತೇನೆ.

ನಮ್ಮದು ತೀರ್ಥಹಳ್ಳಿ ತಾಲೂಕು, ಆಗುಂಬೆ ಕಡೆಯ ಅಡಿಕೆ ತೋಟ. ಬೆಳೆ ರಕ್ಷಣೆಗೆ ಅಂತ ಲೈಸೆನ್ಸ್ ಇರುವ ಎರಡು ಕೋವಿಗಳಿವೆ. ಒಂದು ಅಜ್ಜನ ಕಾಲದ ಕೇಪಿನ ಕೋವಿ, ಇನ್ನೊಂದು 12 ಬೋರಿನ ಒಂಟಿ ನಳಿಗೆಯ ತೋಟಾ ಕೋವಿ. ಮಂಗ, ಹಂದಿ ತೋಟಕ್ಕೆ ಇಳಿದಾಗ ಗಾಳಿಗೆ ಒಂದು ಈಡು ಹೊಡೆದು ಓಡಿಸುವುದು, ಅಷ್ಟೇ ಕೆಲಸ. ವರ್ಷದ ಬಹುಪಾಲು ಎರಡೂ ಸುಮ್ಮನೆ ಕೂತಿರುತ್ತವೆ. ನಮ್ಮ ಕಡೆ ಕೋವಿ ಹಾಳಾಗುವುದು ಹೀಗೆ ಸುಮ್ಮನೆ ಕೂತಾಗಲೇ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಮೇಲೆ ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆ ಬೆವರುತ್ತದೆ, ಚಪ್ಪಲಿಗೆ ಬೂಸ್ಟು ಬರುತ್ತದೆ. ಕಬ್ಬಿಣ ಹೇಗೆ ತಾನೇ ಸುಮ್ಮನಿರುತ್ತದೆ? ನಳಿಗೆಯ ಮೇಲಿನ ಆ ಕಪ್ಪು ಬಣ್ಣ ಇದೆಯಲ್ಲ, ಅದು ಪೇಂಟ್ ಅಲ್ಲ. ಉಕ್ಕಿನದೇ ಒಂದು ತೆಳು ಆಕ್ಸೈಡ್ ಪದರ. ಎಣ್ಣೆ ಹಿಡಿದಿಟ್ಟುಕೊಂಡಾಗ ಮಾತ್ರ ಅದು ಕಾಯುತ್ತದೆ. ಒಣಗಿದರೆ ಎರಡು ದಿನದ ಜಡಿಮಳೆ ಸಾಕು, ಕಂದು ಚುಕ್ಕೆ ಶುರು.

ಈ ಎಣ್ಣೆ ಜರ್ಮನಿಯದ್ದು. 1900ರ ದಶಕದ ಆರಂಭದಲ್ಲಿ ಅಲ್ಲಿನ ಸೈನ್ಯಕ್ಕಾಗಿ ಮಾಡಿದ್ದು. ಸಿಪಾಯಿಯ ಕೋವಿಯ ಕಬ್ಬಿಣ, ಮರದ ಹಿಡಿ, ಚರ್ಮದ ಪಟ್ಟಿ ಮೂರಕ್ಕೂ ಒಂದೇ ಎಣ್ಣೆ ಬೇಕು ಅನ್ನುವುದು ಆಗಿನ ಬೇಡಿಕೆ. ಅದಕ್ಕೇ ಹದವಾಗಿ ಹಾಕಿದರೆ ಇದು ಮರವನ್ನೂ ಚರ್ಮವನ್ನೂ ಕೆಡಿಸುವುದಿಲ್ಲ. ತಳದಲ್ಲಿ ಶುದ್ಧ ಮಾಡಿದ ಖನಿಜ ಎಣ್ಣೆ, ಜೊತೆಗೆ ಸ್ವಲ್ಪ ಕ್ಷಾರ ಗುಣ. ಸೋಂಪು ಕಾಳಿನ ಥರದ ಒಂದು ವಾಸನೆ ಬರುತ್ತದೆ. ನನಗೆ ಇಷ್ಟ, ಮನೆಯವರಿಗೆ ಇಷ್ಟವಿಲ್ಲ. ಹಾಗಾಗಿ ಕೆಲಸವೆಲ್ಲ ಹೊರಗೆ ಅಂಗಳದ ಮಾಡಿನ ಕೆಳಗೆ.

ಇದರ ನಿಜವಾದ ಗುಣ ಬೇರೆ. ಇದು ನೀರಿನ ಜೊತೆ ಬೆರೆಯುತ್ತದೆ. ಬಾಟಲಿಗೆ ಹಾಕಿ ಕುಲುಕಿದರೆ ಹಾಲಿನ ಹಾಗೆ ಬೆಳ್ಳಗಾಗುತ್ತದೆ. ಕೇಪಿನ ಕೋವಿ ಇಟ್ಟುಕೊಂಡವರಿಗೆ ಇದರಷ್ಟು ಉಪಕಾರದ ಗುಣ ಇನ್ನೊಂದಿಲ್ಲ.

ಕೇಪಿನ ಕೋವಿಗೆ ತುಂಬುವ ಕರಿ ಮದ್ದು ಅಂದರೆ ಪೆಟ್ಲುಪ್ಪು, ಗಂಧಕ, ಇದ್ದಿಲು. ಅದು ಸುಟ್ಟಾಗ ಎಲ್ಲವೂ ಹೊಗೆಯಾಗಿ ಹೋಗುವುದಿಲ್ಲ. ಅರ್ಧಕ್ಕಿಂತ ಜಾಸ್ತಿ ಭಾಗ ಗಟ್ಟಿ ಉಳಿಕೆ. ಒಂದಷ್ಟು ನಳಿಗೆಯಲ್ಲೇ ಅಂಟಿಕೊಳ್ಳುತ್ತದೆ. ಅದರಲ್ಲಿರುವುದು ಪೊಟ್ಯಾಶಿಯಂ ಉಪ್ಪುಗಳು, ಗಾಳಿಯ ತೇವವನ್ನು ಎಳೆದುಕೊಳ್ಳುವ ಜಾತಿ. ಉಪ್ಪು ಎಣ್ಣೆಯಲ್ಲಿ ಕರಗುವುದಿಲ್ಲ, ನೀರಿನಲ್ಲೇ ಕರಗಬೇಕು. ಈಡು ಹೊಡೆದು ಬಂದು ಬರೀ ಎಣ್ಣೆ ಸವರಿ ಇಟ್ಟರೆ ಉಪ್ಪನ್ನು ಎಣ್ಣೆಯ ಕೆಳಗೆ ಮುಚ್ಚಿಟ್ಟ ಹಾಗಾಯಿತು. ಮೇಲಿಂದ ಹೊಳೆಯುತ್ತದೆ, ಒಳಗಿಂದ ತಿನ್ನುತ್ತದೆ. ನಮ್ಮ ಸೀಮೆಯಲ್ಲಿ ಎಷ್ಟೋ ಒಳ್ಳೊಳ್ಳೆಯ ಹಳೆ ಕೋವಿಗಳ ನಳಿಗೆ ಗುಂಡಿ ಗುಂಡಿ ಬಿದ್ದಿರುವುದಕ್ಕೆ ಇದೇ ಕಾರಣ. ಅದನ್ನು ನೋಡಿದಾಗೆಲ್ಲ ಹೊಟ್ಟೆ ಉರಿಯುತ್ತದೆ. ಒಂದು ಚೆಂಬು ಬಿಸಿನೀರಿನಿಂದ ತಪ್ಪಿಸಬಹುದಾಗಿದ್ದ ನಷ್ಟ ಅದು.

ಮನೆಯಲ್ಲಿ ನಡೆಸಿಕೊಂಡು ಬಂದ ಕ್ರಮ ಹೇಳುತ್ತೇನೆ. ಮೊದಲು ಕೋವಿ ಖಾಲಿ ಇದೆಯಾ ನೋಡಬೇಕು. ಕೇಪು ತೆಗೆದು, ಗಜದ ಕಡ್ಡಿಯನ್ನು ನಳಿಗೆಯೊಳಗೆ ಬಿಟ್ಟು, ಬಾಯಿಯ ಹತ್ತಿರ ಕಡ್ಡಿಗೆ ಬೆರಳು ಹಿಡಿದು ಹೊರಗೆ ತೆಗೆದು ನಳಿಗೆಯ ಪಕ್ಕಕ್ಕೆ ಇಟ್ಟು ಅಳೆಯಿರಿ. ಕಡ್ಡಿ ಬುಡದವರೆಗೆ ಹೋಗಿಲ್ಲ ಅಂದರೆ ಒಳಗೆ ಮದ್ದು ಇದೆ ಅಂತಲೇ ಅರ್ಥ. ಇಲ್ಲದಿದ್ದರೆ ಇನ್ನೇನೋ ಸಿಕ್ಕಿಕೊಂಡಿದೆ. ಇದನ್ನು ಬಿಟ್ಟು ಮುಂದಿನ ಕೆಲಸಕ್ಕೆ ಹೋಗಬೇಡಿ. ಆಮೇಲೆ ಒಂದು ಪಾಲು ಎಣ್ಣೆಗೆ ಏಳೆಂಟು ಪಾಲು ನೀರು ಬೆರೆಸಿ, ಬಟ್ಟೆ ತುಂಡು ಅದ್ದಿ, ಕಡ್ಡಿಗೆ ಸಿಕ್ಕಿಸಿ ನಳಿಗೆಯೊಳಗೆ ಮೇಲೆ ಕೆಳಗೆ ಆಡಿಸುವುದು. ಮೊದಲ ಬಟ್ಟೆ ಕರ್ರಗೆ ಬರುತ್ತದೆ. ಕೊಳೆತ ಮೊಟ್ಟೆಯ ನಾತ ಗಂಧಕದ್ದು, ಹೆದರಬೇಡಿ. ಬಟ್ಟೆ ಬೂದು ಬಣ್ಣಕ್ಕೆ ಬಂದ ಮೇಲೆ ನಳಿಗೆಯನ್ನು ಹಿಡಿಯಿಂದ ಬಿಚ್ಚಿ, ಕೇಪು ಕೂರುವ ತುದಿಯನ್ನು ಬಿಸಿನೀರಿನ ಬಕೆಟ್ಟಿನಲ್ಲಿ ಮುಳುಗಿಸಿ, ಬಿಗಿಯಾದ ಬಟ್ಟೆಯಿಂದ ಎಳೆದು ದೂಡಿ. ಕೇಪಿನ ತೂತಿನಿಂದಲೇ ನೀರು ಒಳಗೆ ಹೊರಗೆ ಓಡಾಡಿ ಅದನ್ನೂ ತೊಳೆಯುತ್ತದೆ. ನೀರು ಚೆನ್ನಾಗಿ ಬಿಸಿ ಇದ್ದರೆ ಕಬ್ಬಿಣವೇ ಬಿಸಿಯಾಗಿ ಬೇಗ ಒಣಗುತ್ತದೆ. ಆಮೇಲೆ ಒಣ ಬಟ್ಟೆ. ಕೊನೆಗೆ ನೀರು ಸೇರಿಸದ ಎಣ್ಣೆ, ತೆಳ್ಳಗೆ.

ಮಾರನೆಯ ದಿನ ಇನ್ನೊಂದು ಬಿಳಿ ಬಟ್ಟೆ ಹಾಕಿ ನೋಡಿ. ಕಂದು ಬಣ್ಣ ಬಂದರೆ ಉಪ್ಪು ಉಳಿದಿದೆ, ಮತ್ತೆ ಮೊದಲಿಂದ. ಬ್ಯಾಲಿಸ್ಟಾಲ್ ಬರುವ ಮುಂಚೆ ಬರೀ ಬಿಸಿನೀರಿನಲ್ಲಿ ತೊಳೆಯುತ್ತಿದ್ದಾಗ ಈ ಮಾರನೆಯ ದಿನದ ಕಂದು ಮಳೆಗಾಲದಲ್ಲಿ ಮಾಮೂಲು. ತೊಳೆದು ಒಣಗಿಸುವಷ್ಟರಲ್ಲೇ ತುಕ್ಕು ಹತ್ತುತ್ತಿತ್ತು. ಈಗ ನೀರು ಆರಿದ ಜಾಗದಲ್ಲೂ ಒಂದು ಪದರ ಎಣ್ಣೆ ಉಳಿಯುವುದರಿಂದ ಆ ಕಾಟ ಬಹಳ ಕಡಿಮೆ. ಒಂದು ಎಚ್ಚರಿಕೆ: ನೀರು ಬೆರೆಸಿದ್ದನ್ನು ತೊಳೆಯಲು ಮಾತ್ರ ಬಳಸಿ, ಅದನ್ನೇ ಸವರಿ ಕೋವಿ ಇಡಬೇಡಿ. ಮತ್ತೆ ಮದ್ದು ತುಂಬುವ ಮುಂಚೆ ಒಣ ಬಟ್ಟೆ ಎಳೆದು, ಖಾಲಿ ಕೋವಿಯನ್ನು ನೆಲದ ಹುಲ್ಲಿನ ಕಡೆ ಹಿಡಿದು ಒಂದು ಕೇಪು ಮಾತ್ರ ಹೊಡೆಯಿರಿ. ತೂತಿನಲ್ಲಿ ನಿಂತ ಎಣ್ಣೆ ಹೊರಗೆ ಹೋಗುತ್ತದೆ, ಹುಲ್ಲು ಅಲುಗಾಡಿದರೆ ದಾರಿ ತೆರೆದಿದೆ. ಕೇಪು ಚಟ್ ಅಂದು ಈಡು ಹೋಗದಿರುವುದು ಹೆಚ್ಚಾಗಿ ಈ ತೂತಿನ ಎಣ್ಣೆಯಿಂದ.

ತೋಟಾ ಕೋವಿಯ ಕಥೆ ಸುಲಭ. ಈಗಿನ ತೋಟಾದ ಮದ್ದು ಅಷ್ಟು ಉಪ್ಪು ಬಿಡುವುದಿಲ್ಲ, ನೀರು ಬೇಕಾಗಿಲ್ಲ. ಕಂಚಿನ ಬ್ರಷ್ಷಿಗೆ ಎಣ್ಣೆ ಹಾಕಿ ಚೇಂಬರ್ (ತೋಟಾ ಕೂರುವ ಜಾಗ) ಕಡೆಯಿಂದ ನಾಲ್ಕಾರು ಸಲ ದೂಡಿ, ಸ್ವಲ್ಪ ಹೊತ್ತು ಬಿಟ್ಟು ಬಟ್ಟೆ ಹಾಕಿದರೆ ಮುಗಿಯಿತು. ಆದರೆ ಚರೆಯ ಸೀಸ, ವಾಡ್‌ನ (ತೋಟಾದೊಳಗೆ ಮದ್ದಿಗೂ ಚರೆಗೂ ನಡುವಿನ ಬಿಲ್ಲೆ) ಪ್ಲಾಸ್ಟಿಕ್ ಗೀರು ಗೀರಾಗಿ ಅಂಟಿದ್ದರೆ ಎಣ್ಣೆಯೊಂದೇ ಸಾಲದು. ಅದು ದ್ರಾವಕದ ಮತ್ತು ಬ್ರಷ್ಷಿನ ಕೆಲಸ, ಕೈಬಲ ಬೇಕು. ಬ್ರಷ್ಷು ಅಥವಾ ಬಟ್ಟೆ ಹಸಿರು ಬಣ್ಣಕ್ಕೆ ತಿರುಗಿದರೆ ಗಾಬರಿ ಬೇಡ. ತಾಮ್ರ, ಹಿತ್ತಾಳೆ ತಾಗಿದರೆ ಈ ಎಣ್ಣೆ ಹಾಗಾಗುತ್ತದೆ.

ನಳಿಗೆ ಮಡಚುವ ಕೀಲಿಗೆ ಇದು ತೀರಾ ತೆಳು. ಅಲ್ಲಿ ಲೋಹಕ್ಕೆ ಲೋಹ ಒತ್ತಿ ಉಜ್ಜುತ್ತದೆ, ತೆಳು ಎಣ್ಣೆ ನಿಲ್ಲುವುದಿಲ್ಲ. ಅಕ್ಕಿ ಕಾಳಿನಷ್ಟು ಗ್ರೀಸ್ ಹಾಕುತ್ತೇನೆ. ಫೈರಿಂಗ್ ಪಿನ್ ಕಡೆ ಮಾತ್ರ ಗ್ರೀಸ್ ಕೂಡದು, ಎಣ್ಣೆಯೂ ಒಂದೇ ಹನಿ. ಶಿವಮೊಗ್ಗದಲ್ಲಿ ಕೋವಿ ರಿಪೇರಿ ಮಾಡುವ ಹಿರಿಯರೊಬ್ಬರು ಹೇಳಿದ ಮಾತು ನೆನಪಿದೆ: "ನಮ್ಮ ಹತ್ರ ಬರೋ ಕೋವಿಗಳಲ್ಲಿ ಎಣ್ಣೆ ಇಲ್ದೆ ಕೆಟ್ಟಿದ್ದಕ್ಕಿಂತ ಎಣ್ಣೆ ಜಾಸ್ತಿಯಾಗಿ ಕೆಟ್ಟಿದ್ದೇ ಹೆಚ್ಚು ಮಾರಾಯ್ರೆ." ಹೆಚ್ಚಾದ ಎಣ್ಣೆ ಧೂಳು ಹಿಡಿದು ಅಂಟಾಗುತ್ತದೆ. ಪಿನ್ ನಿಧಾನವಾಗುತ್ತದೆ, ತೋಟಾದ ಕೇಪಿಗೆ ಪೆಟ್ಟು ಸರಿಯಾಗಿ ಬೀಳುವುದಿಲ್ಲ. ಉಳಿದದ್ದು ಮರದ ಹಿಡಿಯೊಳಗೆ ಇಳಿದು ಮರ ಮೆತ್ತಗಾಗುತ್ತದೆ. ಅದಕ್ಕೇ ಎಣ್ಣೆ ಹಾಕಿದ ರಾತ್ರಿ ಕೋವಿಯನ್ನು ಬಾಯಿ ಕೆಳಗೆ ಮಾಡಿ, ಕೆಳಗೊಂದು ಬಟ್ಟೆ ಇಟ್ಟು ನಿಲ್ಲಿಸುತ್ತೇನೆ. ತೋಟಾ ಹಾಕುವ ಮುಂಚೆ ನಳಿಗೆ ಮತ್ತು ಚೇಂಬರಿನ ಎಣ್ಣೆ ಒರೆಸಿ, ಬೆಳಕಿಗೆ ಹಿಡಿದು ಆಚೆ ಕಡೆ ಕಾಣುತ್ತದಾ ನೋಡುತ್ತೇನೆ. ನಮ್ಮ ಕಡೆ ಕುಂಬಾರ ಹುಳ ಯಾವ ತೂತು ಸಿಕ್ಕಿದರೂ ಮಣ್ಣು ಮೆತ್ತಿ ಗೂಡು ಕಟ್ಟುತ್ತದೆ. ಆ ಮಣ್ಣು ಒಳಗಿರುವಾಗ ಈಡು ಹೊಡೆದರೆ ನಳಿಗೆ ಸೀಳಬಹುದು. ಒಳಗೆ ಮರೆತ ಬಟ್ಟೆ ತುಂಡೂ ಅಷ್ಟೇ ಅಪಾಯ.

ಹಳಬರು ಕೊಬ್ಬರಿ ಎಣ್ಣೆ ಹಾಕುತ್ತಿದ್ದರು. ಆಗ ಕೈಗೆ ಸಿಗುತ್ತಿದ್ದದ್ದು ಅದೇ. ಆದರೆ ಕೊಬ್ಬರಿ ಎಣ್ಣೆ 24 ಡಿಗ್ರಿ ಆಸುಪಾಸಿನಲ್ಲಿ ಹೆಪ್ಪುಗಟ್ಟುತ್ತದೆ. ಡಿಸೆಂಬರಿನ ರಾತ್ರಿ ಹಂದಿ ಗದ್ದೆಗೆ ಬಂದ ಹೊತ್ತಿಗೆ ಸ್ಪ್ರಿಂಗು, ಪಿನ್ನು ಹೆಪ್ಪಿನಲ್ಲಿ ಸಿಕ್ಕಿಕೊಂಡಿರುತ್ತವೆ. ಡಬ್ಲ್ಯೂಡಿ-40 ಎಲ್ಲರ ಮನೆಯಲ್ಲೂ ಇದೆ. 1953ರಲ್ಲಿ ಅದನ್ನು ತಯಾರಿಸಿದ್ದೇ ನೀರನ್ನು ದೂಡಿ ತುಕ್ಕು ತಡೆಯಲು, ನೆನೆದ ಕೋವಿಗೆ ಆ ಕ್ಷಣಕ್ಕೆ ಒಳ್ಳೆಯದೇ. ಆದರೆ ಅದರ ಬಹುಪಾಲು ಆರಿಹೋಗುತ್ತದೆ, ಒಂದು ಮಳೆಗಾಲ ಕಾಯುವ ಪದರ ಅದರಿಂದ ಆಗದು. ಹೊಲಿಗೆ ಯಂತ್ರದ ಎಣ್ಣೆ ಇವೆರಡಕ್ಕಿಂತ ವಾಸಿ. ತಿಂಗಳಿಗೆ ಎರಡು ಸಲ ಒರೆಸುವ ತಾಳ್ಮೆ ಇದ್ದವರಿಗೆ ಅದೂ ಸಾಕು.

ಇನ್ನು ಎಲೆಕ್ಷನ್ ವಿಷಯ. ಎಲೆಕ್ಷನ್ ಮುಗಿಯುವವರೆಗೆ ಕೋವಿಯನ್ನು ಪೊಲೀಸ್ ಠಾಣೆಯಲ್ಲಿ ಇಟ್ಟು ಬರುತ್ತೇವಲ್ಲ, ಅದು. ಮಲೆನಾಡಿನ ಕೋವಿಗಳಿಗೆ ಇದಕ್ಕಿಂತ ದೊಡ್ಡ ಪರೀಕ್ಷೆ ಇಲ್ಲ. 2024ರಲ್ಲಿ ಮಾರ್ಚ್ 16ಕ್ಕೆ ನೀತಿ ಸಂಹಿತೆ ಬಂತು, ನಮ್ಮ ಕ್ಷೇತ್ರದ ಮತದಾನ ಮೇ 7ಕ್ಕೆ, ಎಣಿಕೆ ಜೂನ್ 4ಕ್ಕೆ. ಠಾಣೆಯಲ್ಲಿ ಇಟ್ಟ ಕೋವಿ ವಾಪಸ್ ಕೈಗೆ ಬರುವಷ್ಟರಲ್ಲಿ ಮಳೆ ಹತ್ತಿತ್ತು. ಅಷ್ಟು ದಿನ ಊರಿನ ಕೋವಿಗಳೆಲ್ಲ ಒಂದೇ ಕೊಠಡಿಯಲ್ಲಿ ಒಂದಕ್ಕೊಂದು ಒರಗಿ ನಿಂತಿರುತ್ತವೆ. ಒರೆಸುವವರು ಯಾರು? ಅದಕ್ಕೇ ಕೊಡುವ ಹಿಂದಿನ ದಿನ ಒಳಗೂ ಹೊರಗೂ ಎಣ್ಣೆ ಸವರಿ, ಹೊರಭಾಗಕ್ಕೆ ಎಣ್ಣೆ ಹೀರಿದ ಹತ್ತಿ ಬಟ್ಟೆ ಸುತ್ತಿ ಕೊಟ್ಟಿದ್ದೆ. ವಾಪಸ್ ಬಂದಾಗ ಬಟ್ಟೆ ಸರಿದ ಒಂದು ಕಡೆ ಬಿಟ್ಟರೆ ಎಲ್ಲೂ ತುಕ್ಕಿಲ್ಲ. ಅದೇ ಕೊಠಡಿಯಿಂದ ಬಂದ ಪಕ್ಕದ ಮನೆಯ ಕೋವಿಯ ಬೆನ್ನು ಪೂರ್ತಿ ಕೆಂಪಾಗಿತ್ತು. ಇಷ್ಟು ಸ್ಪಷ್ಟವಾದ ಹೋಲಿಕೆ ನನಗೆ ಬೇರೆ ಸಿಕ್ಕಿಲ್ಲ. ಪಕ್ಕದ ಮನೆಯ ಅಣ್ಣ ಮಾರನೆಯ ದಿನವೇ "ನಿಮ್ಮ ಆ ಸೋಂಪಿನ ಎಣ್ಣೆ ಸ್ವಲ್ಪ ಕೊಡಿ" ಅಂತ ಬಂದರು.

ಕೋವಿ ಎಲ್ಲಿ ಇಡುತ್ತೀರಿ ಅನ್ನುವುದೂ ಎಣ್ಣೆಯಷ್ಟೇ ಮುಖ್ಯ. ಚರ್ಮದ ಅಥವಾ ದಪ್ಪ ಬಟ್ಟೆಯ ಚೀಲ ತೇವ ಹಿಡಿದಿಟ್ಟುಕೊಳ್ಳುತ್ತದೆ, ಅದು ಸಾಗಿಸುವುದಕ್ಕೆ ಮಾತ್ರ. ಅಡಿಕೆಗೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ ತಂದ ಮೈಲುತುತ್ತದ (ಕಾಪರ್ ಸಲ್ಫೇಟ್) ಚೀಲ ಇರುವ ಕೋಣೆಯಲ್ಲಂತೂ ಬೇಡವೇ ಬೇಡ. ತೇವ ಸೇರಿದ ಮೈಲುತುತ್ತದ ಪುಡಿ ಕಬ್ಬಿಣವನ್ನು ಬೇಗ ತಿನ್ನುತ್ತದೆ. ಔಷಧಿ ಹೊಡೆದು ಬಂದ ಕೈಯಲ್ಲಿ ಕೋವಿ ಮುಟ್ಟುವುದೂ ಬೇಡ. ಆಯುಧ ಪೂಜೆಗೆ ಎಲ್ಲರೂ ಕೋವಿಗೆ ಅರಿಶಿನ ಕುಂಕುಮ ಹಚ್ಚುತ್ತೇವೆ, ಹಚ್ಚಲೇಬೇಕು. ಹಸಿ ಕುಂಕುಮ ನಳಿಗೆಯ ಬದಲು ಮರದ ಹಿಡಿಗೆ ಇಡಿ, ಅಥವಾ ಮಾರನೆಯ ದಿನವೇ ಎಣ್ಣೆ ಬಟ್ಟೆಯಲ್ಲಿ ಒರೆಸಿ. ಕುಂಕುಮದ ಬೊಟ್ಟಿನ ಆಕಾರದಲ್ಲೇ ತುಕ್ಕಿನ ಗುರುತು ಕೂತ ನಳಿಗೆಗಳನ್ನು ನೋಡಿದ್ದೇನೆ.

ಕೊಳ್ಳುವಾಗ ಸ್ಪ್ರೇ ಡಬ್ಬಿಗಿಂತ ದ್ರವದ ಬಾಟಲಿ ಒಳ್ಳೆಯದು. ಸ್ಪ್ರೇ ಎಲ್ಲೆಲ್ಲೋ ಹಾರಿ ಹಾಳಾಗುತ್ತದೆ, ಬೇಕಾದಷ್ಟೇ ಹನಿ ಬೀಳಿಸಲು ಆಗುವುದಿಲ್ಲ. ಅದರಲ್ಲಿ ಹತ್ತಿ ಉರಿಯುವ ಅನಿಲ ಇರುವುದರಿಂದ ಒಲೆ ಹತ್ತಿರ ಅಪಾಯ ಬೇರೆ. ನಾನು ತರಿಸುವುದು 500 ಮಿಲಿಲೀಟರಿನ ಬಾಟಲಿ. ಹೊಲಿಗೆ ಎಣ್ಣೆಯ ಮುಂದೆ ಬೆಲೆ ಜಾಸ್ತಿ ಅನ್ನಿಸುತ್ತದೆ ನಿಜ. ಎರಡು ಕೋವಿಯ ಮನೆಗೆ ವರ್ಷಗಟ್ಟಲೆ ಬರುತ್ತದೆ, ಕತ್ತಿಗೆ, ಗರಗಸಕ್ಕೆ, ಬೀಗಕ್ಕೂ ಆಗುತ್ತದೆ. ಒಮ್ಮೆ ಆನ್‌ಲೈನ್‌ನಲ್ಲಿ ತರಿಸಿದಾಗ ಮುಚ್ಚಳ ಸಡಿಲವಾಗಿ ಕಾಲು ಭಾಗ ಡಬ್ಬದಲ್ಲೇ ಸೋರಿತ್ತು, ಮಾರಿದವರಿಂದ ಉತ್ತರ ಬರಲಿಲ್ಲ. ಆಮೇಲಿಂದ ಪೇಟೆಗೆ ಹೋದಾಗ ಕೋವಿ ಅಂಗಡಿಯಲ್ಲಿ ಹೇಳಿ ತರಿಸಿಕೊಳ್ಳುತ್ತೇನೆ. ತಡವಾಗುತ್ತದೆ, ಆದರೆ ಬಾಟಲಿ ನೋಡಿ ತಗೊಳ್ಳಬಹುದು. ಹಾಗಾಗಿ ಮೇ ತಿಂಗಳಲ್ಲೇ ಹೇಳಿಡಿ, ಮಳೆ ಹಿಡಿದ ಮೇಲೆ ಎಲ್ಲರೂ ಕೇಳುತ್ತಾರೆ.